ಅಳತೆಯ ನಕ್ಷೆ: ಬಾಯಿಮಾತಿನ ಬೇಡಿಕೆ ಬಟ್ಟೆಯಾಗುವ ಬಗೆ



ಜಾತ್ರೆ ಸಮೀಪಿಸಿದಂತೆ ಶ್ರೀಮಠದ ಕಾರ್ಯಾಲಯಕ್ಕೆ ಬರುವ ಭಕ್ತರಲ್ಲಿ ಹಲವರು ಬಟ್ಟೆಯ ಸೇವೆಯನ್ನು ಕುರಿತು ವಿಚಾರಿಸುತ್ತಾರೆ. ಒಬ್ಬರು ವೇದಿಕೆಗೆ ಪರದೆ ಮಾಡಿಸಿಕೊಡುವೆನೆನ್ನುತ್ತಾರೆ, ಇನ್ನೊಬ್ಬರು ತೇರಿಗೆ ಝಾಲರಿ, ಮತ್ತೊಬ್ಬರು ಪ್ರಸಾದ ನಿಲಯದ ಮಕ್ಕಳ ಹಾಸಿಗೆಗಳಿಗೆ ಹೊದಿಕೆ, ಪುಸ್ತಕ ವಿತರಣೆಗೆ ಜೋಳಿಗೆ. ಇವೆಲ್ಲವನ್ನೂ ಸಿದ್ಧಪಡಿಸುವವರು ನಮ್ಮ ಸುತ್ತಲಿನವರೇ: ಊರ ದರ್ಜಿಗಳು, ಹೊಲಿಗೆ ಕಲಿತು ಸಂಘ ಕಟ್ಟಿಕೊಂಡ ತಾಯಂದಿರು, ಮಗ್ಗದ ಮೇಲೆ ಬದುಕುವ ನೇಕಾರರು. ಮಾಡಿಸುವವರ ಮನಸ್ಸಿನಲ್ಲಿರುವುದು ಮಾಡುವವರ ಕೈಗೆ ಸರಿಯಾಗಿ ತಲುಪಬೇಕಾದರೆ ನಡುವೆ ಒಂದು ಕಾಗದ ಬೇಕು. ಆ ಕಾಗದವೇ ಅಳತೆಯ ನಕ್ಷೆ. ಅದನ್ನು ಸಿದ್ಧಪಡಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲು ಬಯಸುತ್ತೇವೆ. ಇದನ್ನು ನಾವು ಪುಸ್ತಕದಿಂದ ಮೊದಲು ಕಲಿಯಲಿಲ್ಲ. ನಮ್ಮದೇ ತಪ್ಪಿನಿಂದ ಕಲಿತೆವು. ಆದ್ದರಿಂದ ಆ ತಪ್ಪನ್ನು ಮೊದಲು ನಿವೇದಿಸಿಕೊಳ್ಳುವುದು ಉಚಿತ.

ಒಂದು ಪರದೆಯ ಕಥೆ

ಕೆಲವು ವರ್ಷಗಳ ಹಿಂದೆ ಮಠದ ವೇದಿಕೆಗೆ ಪರದೆ ಬೇಕಾಯಿತು. ಸಮೀಪದ ಊರೊಂದರ ಹೊಲಿಗೆ ಸಂಘದ ತಾಯಂದಿರಿಗೆ ದೂರವಾಣಿಯಲ್ಲಿ, “ಇಪ್ಪತ್ನಾಲ್ಕು ಅಡಿ ಅಗಲ, ಹನ್ನೆರಡು ಅಡಿ ಎತ್ತರದ ಪರದೆ, ನಡುವೆ ತೆರೆಯುವಂತಿರಲಿ, ಚೆನ್ನಾಗಿರಲಿ” ಎಂದು ಹೇಳಿ ಮುಂಗಡ ಕಳುಹಿಸಿದೆವು. ಅವರು ಹನ್ನೆರಡು ಅಡಿಯ ಎರಡು ಭಾಗಗಳನ್ನು ಅಚ್ಚುಕಟ್ಟಾಗಿ ಹೊಲಿದು ತಂದರು. ಕಾರ್ಯಕ್ರಮದ ಹಿಂದಿನ ದಿನ ತೂಗುಹಾಕಿದಾಗ ಅದು ಪರದೆಯಂತೆ ಕಾಣಲಿಲ್ಲ; ಎಳೆದು ಕಟ್ಟಿದ ಹಾಸಿನಂತೆ ಕಂಡಿತು. ಒಂದೂ ನೆರಿಗೆ ಇರಲಿಲ್ಲ. ಎರಡೂ ಭಾಗಗಳನ್ನು ಎಷ್ಟೇ ಎಳೆದರೂ ನಡುವೆ ಒಂದು ಸೀಳು ಉಳಿಯುತ್ತಿತ್ತು. ನಾವು ಬೇಸರದಿಂದ ಮಾತನಾಡಿದೆವು, ಬಾಕಿ ಹಣವನ್ನೂ ತಡೆಹಿಡಿದೆವು. ಅವರು ರಾತ್ರೋರಾತ್ರಿ ತಮ್ಮ ಹಣದಿಂದಲೇ ಇನ್ನಷ್ಟು ಬಟ್ಟೆ ತಂದು ಎರಡು ಪಟ್ಟಿ ಸೇರಿಸಿಕೊಟ್ಟರು. ಕಾರ್ಯಕ್ರಮ ನಡೆಯಿತು. ಮುಂದೆ ಪರದೆಯನ್ನು ಒಗೆಸಿದಾಗ ಅದು ಕುಗ್ಗಿ, ನೆಲದಿಂದ ಆರು ಇಂಚಿಗೂ ಮೇಲೆ ನಿಂತಿತು. ಆಗ ಮತ್ತೊಮ್ಮೆ ಅವರನ್ನೇ ಕರೆಸಿದೆವು.

ಸಂಘದ ಹಿರಿಯ ತಾಯಿ ಸಮಾಧಾನದಿಂದಲೇ ಕೇಳಿದರು: “ಸರ, ನೀವು ಇಪ್ಪತ್ನಾಲ್ಕು ಹನ್ನೆರಡು ಅಂದ್ರಿ, ನಾವು ಇಪ್ಪತ್ನಾಲ್ಕು ಹನ್ನೆರಡು ಹೊಲದು ಕೊಟ್ವಿ. ನೆರಿಗಿ ಬೇಕಂತ ಯಾರರ ಹೇಳಿದ್ರೇನು? ಒಗೀತೀವಿ ಅಂತ ಹೇಳಿದ್ರೇನು?”

ನಮ್ಮ ಬಳಿ ಉತ್ತರವಿರಲಿಲ್ಲ. ದಿನಚರಿಯನ್ನು ತೆಗೆದು ನೋಡಿದರೆ “ಪರದೆ 24×12” ಎಂಬ ಒಂದೇ ಸಾಲು. ನಾವು ಹೇಳಿದ್ದು ವೇದಿಕೆಯ ಅಳತೆ. ಅವರು ಕೇಳಿಸಿಕೊಂಡದ್ದು ಬಟ್ಟೆಯ ಅಳತೆ. ಎರಡೂ ಒಂದೇ ಅಂಕಿ, ಅರ್ಥ ಮಾತ್ರ ಬೇರೆ. ಆ ವ್ಯತ್ಯಾಸದ ನಷ್ಟವನ್ನು ಹೊತ್ತವರು ದಿನಗೂಲಿಯಷ್ಟೂ ಗಿಟ್ಟದ ಆ ತಾಯಂದಿರು. ತಡೆಹಿಡಿದ ಹಣವನ್ನೂ ಹೆಚ್ಚುವರಿ ಬಟ್ಟೆಯ ಬೆಲೆಯನ್ನೂ ಅವರಿಗೆ ಮುಟ್ಟಿಸಿದೆವು. ಆದರೆ ಹೀಗೆ ಎಷ್ಟು ಕಡೆ, ಎಷ್ಟು ಜನರ ಕೂಲಿ ಬಾಯಿಮಾತಿನ ಅಳತೆಯಲ್ಲಿ ಕರಗಿಹೋಗುತ್ತಿದೆಯೋ ಎಂಬ ಚಿಂತೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಮೊದಲ ಹೆಜ್ಜೆ: ವಿಶೇಷಣವನ್ನು ಅಂಕಿಯಾಗಿಸುವುದು

ಮಾಡಿಸುವವರು ಸಾಮಾನ್ಯವಾಗಿ ವಿಶೇಷಣಗಳಲ್ಲಿ ಮಾತನಾಡುತ್ತಾರೆ: ದೊಡ್ಡದು, ಗಟ್ಟಿಯಾದದ್ದು, ಚೆಂದದ್ದು, ಗಾಢ ಬಣ್ಣದ್ದು. ಕತ್ತರಿಗೆ ವಿಶೇಷಣ ತಿಳಿಯದು. ಅದಕ್ಕೆ ಇಂಚು ಬೇಕು. ಆದ್ದರಿಂದ ಪ್ರತಿ ವಿಶೇಷಣದ ಮುಂದೆ ಒಂದು ಪ್ರಶ್ನೆ ಇಡಬೇಕು. ದೊಡ್ಡದು ಎಂದರೆ ಒಳಗೆ ಏನು ಹಿಡಿಯಬೇಕು? ಗಟ್ಟಿ ಎಂದರೆ ಎಷ್ಟು ತೂಕ ಹೊರಬೇಕು? ಎಲ್ಲಿ ತೂಗುಹಾಕುತ್ತೀರಿ, ಬಿಸಿಲಿನಲ್ಲೋ ನೆರಳಿನಲ್ಲೋ? ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ? ಯಾವ ದಿನಕ್ಕೆ ಬೇಕು?

ಪುಸ್ತಕದ ಜೋಳಿಗೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. “ನಾಲ್ಕಾರು ಪುಸ್ತಕ ಹಿಡಿಯುವಷ್ಟು” ಎಂದರೆ ಅದು ಅಳತೆಯಲ್ಲ. ಆ ಪುಸ್ತಕಗಳನ್ನು ಒಂದರ ಮೇಲೊಂದಿಟ್ಟು ಟೇಪು ಹಿಡಿಯಬೇಕು. ಅಗಲ 14 ಸೆಂ.ಮೀ., ಉದ್ದ 22 ಸೆಂ.ಮೀ., ಒಟ್ಟು ದಪ್ಪ 8 ಸೆಂ.ಮೀ. ಬಂದಿತೆನ್ನೋಣ. ಪುಸ್ತಕದ ಅಗಲ 14 ಎಂದು ಜೋಳಿಗೆಯನ್ನು 16 ಸೆಂ.ಮೀ. ಅಗಲಕ್ಕೆ ಹೊಲಿದರೆ ಪುಸ್ತಕದ ಕಟ್ಟು ಒಳಗೇ ಹೋಗದು. ಏಕೆಂದರೆ ಬಟ್ಟೆಯು ಕಟ್ಟಿನ ಸುತ್ತಲೂ ಬಳಸಿ ಬರಬೇಕು. ಸುತ್ತಳತೆ 14+8+14+8, ಅಂದರೆ 44 ಸೆಂ.ಮೀ. ಚಪ್ಪಟೆಯಾಗಿ ಮಲಗಿಸಿದ ಜೋಳಿಗೆಯ ಅಗಲ ಅದರ ಅರ್ಧ, 22 ಸೆಂ.ಮೀ. ಕೈಯಾಡಲು 3 ಸೆಂ.ಮೀ. ಸೇರಿಸಿದರೆ 25 ಸೆಂ.ಮೀ. ಎತ್ತರಕ್ಕೆ ಪುಸ್ತಕದ ಉದ್ದ 22, ತಳವು ಹರಡಿಕೊಳ್ಳಲು ದಪ್ಪದ ಅರ್ಧ 4, ಮೇಲೆ ಬಾಯಿ ಮುಚ್ಚಲು 5, ಒಟ್ಟು 31 ಸೆಂ.ಮೀ. ಹೀಗೆ “ನಾಲ್ಕಾರು ಪುಸ್ತಕ” ಎಂಬ ಮಾತು 25×31 ಆಯಿತು. ಇದು ಮುಗಿದ ಜೋಳಿಗೆಯ ಅಳತೆ. ಹೊಲಿಗೆಯ ಮಾರ್ಜಿನ್, ಬಾಯಿಯ ಮಡಿಕೆ, ಹಿಡಿಕೆಯ ಪಟ್ಟಿ ಇವು ಇನ್ನೂ ಸೇರಬೇಕು.

ಎರಡನೆಯ ಹೆಜ್ಜೆ: ಸ್ಥಳಕ್ಕೆ ಹೋಗಿ ಅಳೆಯುವುದು

ತೂಗುವ, ಹೊದೆಸುವ, ಕಟ್ಟುವ ಬಟ್ಟೆಗೆ ಮಾಡಿಸುವವರು ಹೇಳಿದ ಅಳತೆಯನ್ನು ನಂಬಿ ಕತ್ತರಿಸಬಾರದು. ಗೇಣು, ಮೊಳಗಳು ಆಳಿನಿಂದ ಆಳಿಗೆ ಬದಲಾಗುತ್ತವೆ. ಅಡಿ, ಇಂಚುಗಳೂ ಹಿಡಿಯುವ ಕೈಯಿಂದ ಬದಲಾಗುವುದುಂಟು; ಹಳೆಯ ಟೇಪು ಎಳೆದು ಎಳೆದು ಹಿಗ್ಗಿರುತ್ತದೆ. ಹಳೆಯ ಕಟ್ಟಡದ ಕಂಬಗಳ ನಡುವಿನ ಅಂತರ ಮೇಲೊಂದು, ಕೆಳಗೊಂದು ಇರುವುದು ಸಾಮಾನ್ಯ. ಆದ್ದರಿಂದ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಎತ್ತರವನ್ನು ಎಡ, ನಡು, ಬಲ ಎಂದು ಮೂರು ಕಡೆ ಅಳೆಯಬೇಕು. ಆರೂ ಅಂಕಿಗಳನ್ನು ಬರೆದಿಡಬೇಕು. ಒಂದು ನಕ್ಷೆಯಲ್ಲಿ ಒಂದೇ ಮಾನ ಇರಬೇಕು. ಅರ್ಧ ಇಂಚಿನಲ್ಲಿ, ಅರ್ಧ ಸೆಂಟಿಮೀಟರಿನಲ್ಲಿ ಬರೆದ ನಕ್ಷೆ ತಪ್ಪಿಗೆ ತಾನೇ ದಾರಿ ತೋರಿಸುತ್ತದೆ.

ಮೂರನೆಯ ಹೆಜ್ಜೆ: ಒಗೆದು ನೋಡುವುದು

ಹತ್ತಿಯ ಬಟ್ಟೆ ನೀರು ಕಂಡರೆ ಕುಗ್ಗುತ್ತದೆ. ನೇಯುವಾಗ ಬಿಗಿಯಾಗಿ ಎಳೆದುಕೊಂಡಿದ್ದ ನೂಲು ನೆನೆದಾಗ ಸಡಿಲಗೊಂಡು ತನ್ನ ಸಹಜ ಸ್ಥಿತಿಗೆ ಮರಳುವುದೇ ಇದಕ್ಕೆ ಕಾರಣ. ಎಷ್ಟು ಕುಗ್ಗುತ್ತದೆ ಎಂಬುದನ್ನು ಅಂಗಡಿಯವರ ಮಾತಿನಿಂದಲ್ಲ, ಪರೀಕ್ಷೆಯಿಂದ ತಿಳಿಯಬೇಕು. ಕೊಳ್ಳಲಿರುವ ಬಟ್ಟೆಯ ತುಂಡೊಂದನ್ನು ತಂದು, ಅದರ ಮೇಲೆ 50 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಚೌಕವನ್ನು ಅಳಿಯದ ಶಾಯಿಯಿಂದ ಗುರುತಿಸಿ, ಮನೆಯಲ್ಲಿ ಒಗೆಯುವಂತೆಯೇ ಒಗೆದು, ಒಣಗಿಸಿ, ಮತ್ತೆ ಅಳೆಯಬೇಕು. 50 ಇದ್ದದ್ದು 48 ಆದರೆ ನೂರಕ್ಕೆ 4 ಕುಗ್ಗಿತೆಂದು ಅರ್ಥ. ಉದ್ದದ ಹಾಸುನೂಲು, ಅಡ್ಡದ ಹೊಕ್ಕುನೂಲು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಬಹುದಾದ್ದರಿಂದ ಎರಡೂ ದಿಕ್ಕುಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಲೆಕ್ಕ

ಈಗ ನಮ್ಮ ಪರದೆಯನ್ನೇ ಸರಿಯಾಗಿ ಲೆಕ್ಕ ಹಾಕೋಣ. ವೇದಿಕೆಯ ಅಗಲ 24 ಅಡಿ, ನೆಲದಿಂದ ಸರಳಿನವರೆಗೆ ಎತ್ತರ 12 ಅಡಿ. ಎರಡು ಭಾಗಗಳ ಪರದೆ.

ಒಂದು ಭಾಗ 12 ಅಡಿ ಮುಚ್ಚಬೇಕು. ನಡುವೆ ಒಂದರ ಮೇಲೊಂದು ಬರಲು 6 ಇಂಚು, ಹೊರಬದಿಯಲ್ಲಿ ಗೋಡೆಯತ್ತ ತಿರುಗಲು 6 ಇಂಚು. ಒಟ್ಟು 13 ಅಡಿ, ಅಂದರೆ 156 ಇಂಚು. ನೆರಿಗೆ ಬರಬೇಕಾದರೆ ಬಟ್ಟೆ ಕನಿಷ್ಠ ಒಂದೂವರೆ ಪಟ್ಟು ಇರಬೇಕೆಂದು ನಿರ್ಧರಿಸಿದರೆ 234 ಇಂಚು ಬೇಕು.

ಅಂಗಡಿಯಲ್ಲಿ ದೊರೆಯುವ ಬಟ್ಟೆಯ ಅಗಲ 44 ಇಂಚು. ನೂರಕ್ಕೆ 4 ಕುಗ್ಗಿದ ಮೇಲೆ 42 ಇಂಚೆಂದು ಹಿಡಿಯೋಣ. ಐದು ಪಟ್ಟಿ ಜೋಡಿಸಿದರೆ 210 ಇಂಚು. ನಾಲ್ಕು ಜೋಡಣೆಗಳಿಗೆ ತಲಾ 1 ಇಂಚಿನಂತೆ 4 ಇಂಚು, ಎರಡು ಬದಿಯ ಮಡಿಕೆಗೆ 4 ಇಂಚು ಹೋದರೆ ಉಳಿಯುವುದು 202 ಇಂಚು. ಸಾಲದು. ಆರು ಪಟ್ಟಿಯಾದರೆ 252 ಇಂಚು. ಐದು ಜೋಡಣೆಗೆ 5, ಬದಿಯ ಮಡಿಕೆಗೆ 4 ಕಳೆದು 243 ಇಂಚು. ಸಾಕು.

ಎತ್ತರಕ್ಕೆ ಬರೋಣ. ನೆಲಕ್ಕೆ ತಾಗಿ ಮಾಸದಿರಲು 1 ಇಂಚು ಬಿಟ್ಟರೆ ಮುಗಿದ ಎತ್ತರ 143 ಇಂಚು. ಮೇಲಿನ ಮಡಿಕೆಗೆ 4, ಕೆಳಗಿನ ಭಾರದ ಮಡಿಕೆಗೆ 6 ಸೇರಿ 153. ಕುಗ್ಗಿದ ಮೇಲೆ 153 ಉಳಿಯಬೇಕಾದರೆ ಅದನ್ನು 0.96ರಿಂದ ಭಾಗಿಸಬೇಕು, ಸುಮಾರು 160 ಇಂಚು. ಒಂದು ಭಾಗಕ್ಕೆ ಆರು ಪಟ್ಟಿ, ಎರಡು ಭಾಗಕ್ಕೆ ಹನ್ನೆರಡು. 12×160 ಎಂದರೆ 1920 ಇಂಚು; ಸುಮಾರು 49 ಮೀಟರ್. ಬಟ್ಟೆಯನ್ನು ಮೊದಲೇ ಒಗೆದು, ಒಣಗಿಸಿ, ಆಮೇಲೆ ಹೊಲಿಯಬೇಕು.

ಇನ್ನು “24×12” ಎಂಬ ಬಾಯಿಮಾತಿನ ಲೆಕ್ಕವನ್ನು ನೋಡಿ. 288 ಇಂಚನ್ನು 44ರಿಂದ ಭಾಗಿಸಿದರೆ ಏಳು ಪಟ್ಟಿ. ಪಟ್ಟಿಗೆ 144 ಇಂಚು. ಒಟ್ಟು 1008 ಇಂಚು, 26 ಮೀಟರಿಗೂ ಸ್ವಲ್ಪ ಕಡಿಮೆ. ಒಂದೇ ಪರದೆಗೆ ಒಬ್ಬರ ಮನಸ್ಸಿನಲ್ಲಿ 26 ಮೀಟರ್, ನಿಜಕ್ಕೂ ಬೇಕಾದದ್ದು 49 ಮೀಟರ್. ಬೆಲೆಯನ್ನು ಮೊದಲ ಲೆಕ್ಕದ ಮೇಲೆ ಒಪ್ಪಿ, ಕೆಲಸವನ್ನು ಎರಡನೆಯದರಂತೆ ನಿರೀಕ್ಷಿಸಿದರೆ ನಡುವಿನ 23 ಮೀಟರ್ ಬಟ್ಟೆಯ ಬೆಲೆ ಯಾರ ಕೈಯಿಂದ ಹೋಗಬೇಕು? ನಮ್ಮ ಪ್ರಕರಣದಲ್ಲಿ ಅದು ಆ ತಾಯಂದಿರ ಕೈಯಿಂದ ಹೋಗಿತ್ತು.

ಐದನೆಯ ಹೆಜ್ಜೆ: ಎರಡು ನಕ್ಷೆಗಳು

ಲೆಕ್ಕ ಮುಗಿದ ಮೇಲೆ ಎರಡು ನಕ್ಷೆ ಬರೆಯಬೇಕು. ಮೊದಲನೆಯದು ಮುಗಿದ ವಸ್ತುವಿನ ನಕ್ಷೆ, ಇದು ಮಾಡಿಸುವವರಿಗಾಗಿ. ಎರಡನೆಯದು ಕತ್ತರಿಸುವ ನಕ್ಷೆ, ಇದು ಮಾಡುವವರಿಗಾಗಿ. ಎರಡನ್ನೂ ಒಂದರಲ್ಲೇ ಬೆರೆಸಿದರೆ ಯಾವ ಅಂಕಿ ಯಾವುದಕ್ಕೆಂಬುದು ತಿಳಿಯದಾಗುತ್ತದೆ.

ಕಲಾವಿದರಾಗಿರಬೇಕೆಂದೇನಿಲ್ಲ. ಅಳತೆಗೋಲು, ಸೀಸದ ಕಡ್ಡಿ, ಚೌಕದ ಕಾಗದ ಇದ್ದರೆ ಸಾಕು. ನಿಜವಾದ 20 ಸೆಂ.ಮೀ.ಗೆ ಕಾಗದದ ಮೇಲೆ 1 ಸೆಂ.ಮೀ. ಎಂದು ಹಿಡಿದರೆ ನಮ್ಮ ಪರದೆಯ ಒಂದು ಭಾಗ, 13 ಅಡಿ ಅಗಲ ಮತ್ತು 12 ಅಡಿ ಎತ್ತರದ್ದು, ಸಾಮಾನ್ಯ ಎ4 ಹಾಳೆಯೊಳಗೆ ಕುಳಿತುಕೊಳ್ಳುತ್ತದೆ. ಕತ್ತರಿಸುವ ಗೆರೆಯನ್ನು ತುಂಬುಗೆರೆಯಾಗಿ, ಹೊಲಿಯುವ ಗೆರೆಯನ್ನು ಚುಕ್ಕಿಗೆರೆಯಾಗಿ ಎಳೆಯಬೇಕು. ಹಾಸುನೂಲು ಯಾವ ದಿಕ್ಕಿಗೆ ಹರಿಯಬೇಕೆಂಬುದಕ್ಕೆ ಒಂದು ಬಾಣದ ಗುರುತು. ಒಂದು ಪಟ್ಟಿ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಕತ್ತರಿಸಲ್ಪಟ್ಟರೆ ಜೋಲು ಬೇರೆಯಾಗುತ್ತದೆ, ಕುಗ್ಗುವಿಕೆಯೂ ಬೇರೆಯಾಗಬಹುದು. ಕೊಕ್ಕೆಗಳ ಅಂತರ, ಮಡಿಕೆಯ ಅಗಲ, ಪಟ್ಟಿಗಳ ಸಂಖ್ಯೆ, ಮುಖಭಾಗ ಯಾವುದು ಎಂಬುದು, ಎಲ್ಲವೂ ನಕ್ಷೆಯ ಮೇಲೆಯೇ ಇರಬೇಕು. ಬಣ್ಣದ ಹೆಸರನ್ನು ಬರೆದರೆ ಸಾಲದು. ಕಾವಿ ಎಂಬ ಒಂದೇ ಪದಕ್ಕೆ ಅಂಗಡಿಯಲ್ಲಿ ಹತ್ತು ಬಣ್ಣಗಳಿರುತ್ತವೆ. ಒಪ್ಪಿದ ಬಟ್ಟೆಯ ಒಂದು ಚಿಕ್ಕ ತುಂಡನ್ನು ಹಾಳೆಯ ಮೂಲೆಗೆ ಪಿನ್ನು ಮಾಡಬೇಕು.

ಕೊನೆಯದಾಗಿ, ಎಷ್ಟು ಹೆಚ್ಚು-ಕಡಿಮೆಯಾದರೆ ಸ್ವೀಕಾರಾರ್ಹ ಎಂಬುದನ್ನು ಬರೆಯಬೇಕು. ಮನುಷ್ಯರ ಕೈ ಯಂತ್ರವಲ್ಲ. 143 ಇಂಚಿನ ಪರದೆ ಅರ್ಧ ಇಂಚು ವ್ಯತ್ಯಾಸವಾದರೆ ನಡೆಯುತ್ತದೆಯೇ? ನಡೆಯುತ್ತದೆಂದಾದರೆ ಮೊದಲೇ ಹಾಗೆ ಬರೆಯುವುದು ಮಾಡುವವರಿಗೆ ತೋರುವ ನ್ಯಾಯ.

ಮಗ್ಗದ ಮೇಲಿನ ನಕ್ಷೆ

ಇದುವರೆಗೆ ಹೇಳಿದ್ದು ನೇಯ್ದು ಬಂದ ಬಟ್ಟೆಯ ವಿಚಾರ. ಬಟ್ಟೆಯನ್ನೇ ನೇಯಿಸಬೇಕಾದರೆ ನಕ್ಷೆಯ ಪಾತ್ರ ಇನ್ನೂ ಹಿರಿದು. ಹೊಲಿದದ್ದನ್ನು ಬಿಚ್ಚಬಹುದು, ನೇಯ್ದದ್ದನ್ನು ಬಿಚ್ಚಲಾಗದು.

ನಮ್ಮ ಜಿಲ್ಲೆ ನೇಕಾರಿಕೆಗೆ ಹೊಸದಲ್ಲ. ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರ, ಕುಷ್ಟಗಿ ತಾಲೂಕಿನ ದೋಟಿಹಾಳ, ಹನುಮಸಾಗರ ಮುಂತಾದೆಡೆ ನೇಕಾರ ಕುಟುಂಬಗಳಿವೆ. ಕುಷ್ಟಗಿಯ ಗಡಿ ದಾಟಿದರೆ ಬಾಗಲಕೋಟೆ ಜಿಲ್ಲೆಯ ಇಳಕಲ್. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಳಕಲ್ ಸೀರೆಯನ್ನು ಉಡದ ಮನೆ ನಮ್ಮ ಸೀಮೆಯಲ್ಲಿ ವಿರಳ. ಆ ಸೀರೆಯ ರಚನೆಯೇ ಅಳತೆಯ ಒಂದು ಪಾಠ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆಗಳಿಂದ ಒಂದಕ್ಕೊಂದು ಜೋಡಿಸುವ ಕ್ರಮಕ್ಕೆ ತೋಪುತೆನೆ ಎಂಬ ಹೆಸರಿದೆ. ಒಡಲಿನ ಬಣ್ಣ ದಡಿಯೊಳಗೆ, ದಡಿಯ ಬಣ್ಣ ಒಡಲೊಳಗೆ ಬೆರೆಯದಂತೆ ಮೂರು ಲಾಳಿಗಳಿಂದ ಹೊಕ್ಕುನೂಲನ್ನು ಕೊಂಡಿ ಹಾಕುತ್ತಾರೆ. ಇಂತಹ ಜೋಡಣೆಯಿರುವುದರಿಂದ 6, 8 ಅಥವಾ 9 ವಾರದ ಸೀರೆಗೆ ಬೇಕಾದಷ್ಟೇ ಹಾಸನ್ನು ಮಗ್ಗಕ್ಕೆ ಏರಿಸುತ್ತಾರೆ. ಸೀರೆ ಎಷ್ಟು ವಾರದ್ದು, ಒಡಲು ಎಲ್ಲಿಗೆ ಮುಗಿದು ಸೆರಗು ಎಲ್ಲಿಂದ ಆರಂಭ ಎಂಬುದು ಮೊದಲ ಎಳೆ ಹೂಡುವ ಮುನ್ನವೇ ತೀರ್ಮಾನವಾಗಿರಬೇಕು. ಅರ್ಧಕ್ಕೆ ಬಂದ ಮೇಲೆ “ಸೆರಗು ಇನ್ನೊಂದು ಗೇಣು ಉದ್ದ ಇರಲಿ” ಎಂದರೆ ನೇಕಾರರು ಏನು ಮಾಡಬೇಕು?

ಮಗ್ಗದ ನಕ್ಷೆಯನ್ನು ಚೌಕದ ಕಾಗದದ ಮೇಲೆ ಬರೆಯುತ್ತಾರೆ. ಒಂದು ನೆಟ್ಟನೆಯ ಸಾಲು ಒಂದು ಹಾಸುನೂಲು. ಒಂದು ಅಡ್ಡಸಾಲು ಒಂದು ಹೊಕ್ಕು. ಹಾಸು ಮೇಲೆ ಬರಬೇಕಾದ ಕಡೆ ಚೌಕವನ್ನು ತುಂಬುತ್ತಾರೆ. ಇಲ್ಲಿ ಹೊಸಬರು ಎಡವುವುದು ಒಂದು ಸೂಕ್ಷ್ಮದಲ್ಲಿ. ಬಟ್ಟೆಯಲ್ಲಿ ಇಂಚಿಗೆ 60 ಹಾಸು, 50 ಹೊಕ್ಕು ಇದೆಯೆನ್ನೋಣ. ಎರಡು ಇಂಚಿನ ದುಂಡಾದ ಹೂವು ಬೇಕಾದರೆ ಅಡ್ಡಕ್ಕೆ 120 ಚೌಕ, ನೆಟ್ಟಗೆ 100 ಚೌಕ ಹಿಡಿಯಬೇಕು. ಸಾಮಾನ್ಯ ಚೌಕದ ಹಾಳೆಯ ಮೇಲೆ ಅದು ಅಡ್ಡಕ್ಕೆ ಹಿಗ್ಗಿದಂತೆ ಕಾಣುತ್ತದೆ. ಬಟ್ಟೆಯ ಮೇಲೆ ದುಂಡಗಾಗುತ್ತದೆ. ಕಾಗದದ ಮೇಲೆ ದುಂಡಗೆ ಕಾಣಲೆಂದು 100×100 ಬರೆದರೆ, ಬಟ್ಟೆಯ ಮೇಲೆ ಅದರ ಎತ್ತರ 2 ಇಂಚು, ಅಗಲ ಮಾತ್ರ 1.67 ಇಂಚು. ಹೂವು ಮೊಟ್ಟೆಯ ಆಕಾರ ತಳೆಯುತ್ತದೆ. ಮಾಡಿಸುವವರು ನೇಕಾರರನ್ನು ದೂರುತ್ತಾರೆ. ನೇಕಾರರು ಕಾಗದದಲ್ಲಿದ್ದುದನ್ನೇ ನೇಯ್ದಿರುತ್ತಾರೆ.

ಯಂತ್ರದ ಮಿತಿಯನ್ನೂ ಗಮನಿಸಬೇಕು. 120 ಕೊಕ್ಕೆಗಳ ಜಕಾರ್ಡ್ ಇದ್ದರೆ ಒಂದು ಚಿತ್ತಾರ 120 ಎಳೆಗಳೊಳಗೆ ಮುಗಿದು ಪುನರಾವರ್ತನೆಯಾಗಬೇಕು. “ಇನ್ನು ಸ್ವಲ್ಪ ಅಗಲ” ಎಂಬ ಬೇಡಿಕೆ ಆ ಯಂತ್ರದಲ್ಲಿ ಸಾಧ್ಯವಿಲ್ಲವೆಂಬುದು ನಕ್ಷೆ ಬರೆಯುವಾಗಲೇ ತಿಳಿದರೆ ಯಾರಿಗೂ ನಷ್ಟವಿಲ್ಲ. ಅಲ್ಲದೆ ಬಟ್ಟೆ ಮಗ್ಗದಿಂದ ಇಳಿದ ಮೇಲೆ ಅಗಲದಲ್ಲಿ ಸ್ವಲ್ಪ ಕುಗ್ಗುವುದರಿಂದ, ಹಣಿಗೆಯಲ್ಲಿ ಹಾಸಿನ ಅಗಲವನ್ನು ಬೇಕಾದ ಅಗಲಕ್ಕಿಂತ ಹೆಚ್ಚಾಗಿಯೇ ಇಡುತ್ತಾರೆ. ಆ ಅಂಕಿಯನ್ನು ನೇಕಾರರಿಂದಲೇ ಕೇಳಿ ನಕ್ಷೆಯಲ್ಲಿ ಬರೆಯುವುದು ಲೇಸು.

ನಮ್ಮ ಅಜ್ಜಿಯರು ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದುದೂ ಈ ಲೆಕ್ಕದಿಂದಲೇ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ತೇರು, ಗೋಪುರ, ಆನೆ, ತುಳಸಿಕಟ್ಟೆಗಳನ್ನು ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆಗಳನ್ನು ಎಣಿಸುತ್ತಲೇ ಮೂಡಿಸುತ್ತಿದ್ದರು. ಶಾಲೆ ಕಾಣದವರ ಬೆರಳ ತುದಿಯಲ್ಲಿಯೂ ಅಳತೆಯ ನಕ್ಷೆ ಇತ್ತು.

ಧ್ವಜದಿಂದ ಕಲಿಯಬೇಕಾದದ್ದು

ಅಳತೆಯ ಶಿಸ್ತು ಎಷ್ಟು ಕಟ್ಟುನಿಟ್ಟಾಗಿರಬಹುದೆಂಬುದಕ್ಕೆ ನಮ್ಮ ಉತ್ತರ ಕರ್ನಾಟಕದಲ್ಲೇ ನಿದರ್ಶನವಿದೆ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜವನ್ನು ಭಾರತೀಯ ಮಾನಕ ಬ್ಯೂರೋದ ನಿಯಮಗಳಂತೆ ತಯಾರಿಸುತ್ತದೆ. ಧ್ವಜದ ಉದ್ದ ಮತ್ತು ಎತ್ತರದ ಪ್ರಮಾಣ 3:2. ನಿಗದಿಯಾದ ಗಾತ್ರಗಳು 9; ಅತಿ ದೊಡ್ಡದು 6300×4200 ಮಿ.ಮೀ., ಅತಿ ಚಿಕ್ಕದು 150×100 ಮಿ.ಮೀ.

ಯಾರಾದರೂ “ಮೂರಡಿ ಧ್ವಜ ಬೇಕು” ಎಂದರೆ ಅದು 900×600 ಮಿ.ಮೀ.ನ ಗಾತ್ರಕ್ಕೆ ಬಂದು ನಿಲ್ಲುತ್ತದೆ. ಮೂರು ಪಟ್ಟಿಗಳು ತಲಾ 200 ಮಿ.ಮೀ. ಈ ಗಾತ್ರದ ಧ್ವಜದಲ್ಲಿ 24 ಅರಗಳ ಅಶೋಕ ಚಕ್ರದ ವ್ಯಾಸ 185 ಮಿ.ಮೀ. ಅಂದರೆ ಬಿಳಿ ಪಟ್ಟಿಯಲ್ಲಿ ಚಕ್ರದ ಮೇಲೆ ಮತ್ತು ಕೆಳಗೆ ಉಳಿಯುವುದು ಏಳೂವರೆ ಮಿ.ಮೀ. ಮಾತ್ರ. ಹೊಲಿಗೆಗೆ ಬಟ್ಟೆ ಬಿಡದೆ ಬಿಳಿ ಪಟ್ಟಿಯನ್ನು ಸರಿಯಾಗಿ 200 ಮಿ.ಮೀ.ಗೆ ಕತ್ತರಿಸಿದರೆ ಜೋಡಣೆಯ ನಂತರ ಚಕ್ರವು ಕೇಸರಿ, ಹಸಿರು ಪಟ್ಟಿಗಳಿಗೆ ತಾಗಿಬಿಡುತ್ತದೆ. ಎರಡೂ ಅಂಚಿಗೆ ತಲಾ 10 ಮಿ.ಮೀ. ಮಾರ್ಜಿನ್ ಬಿಡುವುದಾದರೆ ಅದನ್ನು 220 ಮಿ.ಮೀ.ಗೆ ಕತ್ತರಿಸಬೇಕು. ಮುಗಿದ ನಕ್ಷೆ ಬೇರೆ, ಕತ್ತರಿಸುವ ನಕ್ಷೆ ಬೇರೆ ಎಂಬ ಮಾತು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಬಾಳೆನಾರು ಮತ್ತು ಹೆಚ್ಚು-ಕಡಿಮೆಯ ಮಿತಿ

ಆದರೆ ಎಲ್ಲ ವಸ್ತುಗಳಿಗೂ ಮಿಲಿಮೀಟರಿನ ಬಿಗಿ ಸಲ್ಲದು. ನಮ್ಮ ಹನುಮನಹಳ್ಳಿಗೆ ಸಮೀಪದ ಆನೆಗೊಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಮೂಲಕ ತಾಯಂದಿರು ಬಾಳೆನಾರಿನ ಕರಕುಶಲ ವಸ್ತುಗಳನ್ನು ಮಾಡುತ್ತಾ ಬಂದಿದ್ದಾರೆ. ತುಂಗಭದ್ರೆಯ ದಡದ ಬಾಳೆ ತೋಟಗಳಲ್ಲಿ ಗೊನೆ ಕಡಿದ ಮೇಲೆ ವ್ಯರ್ಥವಾಗುತ್ತಿದ್ದ ದಿಂಡಿನ ಪಟ್ಟೆ ಅವರ ಕೈಯಲ್ಲಿ ಹುರಿಯಾಗಿ, ಚೀಲವಾಗಿ, ಬುಟ್ಟಿಯಾಗಿ ರೂಪುಗೊಳ್ಳುತ್ತದೆ. ಗಿರಣಿಯ ನೂಲಿನಂತೆ ಈ ಹುರಿ ಒಂದೇ ದಪ್ಪವಿರದು. ಒಬ್ಬರ ಕೈಯ ಬಿಗಿ ಇನ್ನೊಬ್ಬರಿಗಿರದು. ಇಂತಹ ವಸ್ತುವನ್ನು ಮಾಡಿಸುವವರು ಮೊದಲು ಒಂದು ಮಾದರಿಯನ್ನು ಮಾಡಿಸಿ, ಅಳೆದು, ಇಷ್ಟು ಸೆಂಟಿಮೀಟರ್ ಹೆಚ್ಚು-ಕಡಿಮೆಯಾದರೂ ಒಪ್ಪುತ್ತೇವೆಂದು ಬರೆದುಕೊಡಬೇಕು. ಹಾಗೆ ಬರೆಯದಿದ್ದರೆ ಕೈಕೆಲಸದ ಸಹಜ ಗುಣವೇ ದೋಷವೆನಿಸಿ, ಮಾಡಿದ ವಸ್ತು ಮರಳಿ ಬರುತ್ತದೆ.

ಕಾಯಕದ ಗೌರವ

ಬಟ್ಟೆ, ಹುರಿಗಳ ಕಾಯಕ ಶರಣ ಪರಂಪರೆಗೆ ಪರಕೀಯವಲ್ಲ. ಜೇಡರ ದಾಸಿಮಯ್ಯನವರು ನೇಯುವ ಕಾಯಕದವರು, ಸೂಜಿಕಾಯಕದ ರಾಮಿತಂದೆಯವರು ಹೊಲಿಯುವವರು, ಮಡಿವಾಳ ಮಾಚಿದೇವರು ಮಡಿ ಮಾಡುವವರು, ನುಲಿಯ ಚಂದಯ್ಯನವರು ಹಗ್ಗ ಹೊಸೆಯುವವರು. ಕಾಯಕವನ್ನು ಪೂಜ್ಯವೆಂದು ವೇದಿಕೆಯ ಮೇಲೆ ಹೇಳುವ ನಾವು, ಅದೇ ವೇದಿಕೆಯ ಪರದೆಯನ್ನು ಹೊಲಿದವರ ಕೂಲಿಯನ್ನು ತಡೆಹಿಡಿದಿದ್ದೆವು. ಅಳತೆಯನ್ನು ಸ್ಪಷ್ಟವಾಗಿ ಬರೆದುಕೊಡುವುದು ಕೇವಲ ವ್ಯವಹಾರದ ಜಾಣ್ಮೆಯಲ್ಲ; ಕಾಯಕಜೀವಿಗೆ ಸಲ್ಲಬೇಕಾದ ಗೌರವದ ಒಂದು ರೂಪ ಎಂದು ನಾವು ಭಾವಿಸುತ್ತೇವೆ.

ಆ ಘಟನೆಯ ನಂತರ ಮಠದ ಕಾರ್ಯಾಲಯದಲ್ಲಿ ಒಂದು ಕ್ರಮವನ್ನು ರೂಢಿಸಿಕೊಂಡಿದ್ದೇವೆ. ಬಟ್ಟೆಯ ಯಾವುದೇ ಕೆಲಸಕ್ಕೆ ಎರಡು ನಕ್ಷೆ, ಬಟ್ಟೆಯ ತುಂಡು, ಬಟ್ಟೆ ಎಷ್ಟು ಮೀಟರೆಂಬ ಲೆಕ್ಕ, ಬೆಲೆ, ಮುಂಗಡ, ಒಪ್ಪಿಸುವ ದಿನಾಂಕ ಇವೆಲ್ಲ ಇರುವ ಹಾಳೆಯನ್ನು ಎರಡು ಪ್ರತಿ ಮಾಡಿ, ಇಬ್ಬರೂ ಸಹಿ ಹಾಕುತ್ತೇವೆ. ಒಂದು ಪ್ರತಿ ಅವರಲ್ಲಿ, ಒಂದು ನಮ್ಮಲ್ಲಿ. ನಡುವೆ ಬದಲಾವಣೆ ಬೇಕೆನಿಸಿದರೆ ಅದೇ ಹಾಳೆಯಲ್ಲಿ ದಿನಾಂಕ ಸಹಿತ ಬರೆದು, ಅದರಿಂದ ಹೆಚ್ಚಾಗುವ ಬಟ್ಟೆ ಮತ್ತು ಕೂಲಿಯನ್ನೂ ಅಲ್ಲೇ ನಮೂದಿಸಿ, ಮತ್ತೆ ಇಬ್ಬರೂ ಸಹಿ ಮಾಡುತ್ತೇವೆ. ವಸ್ತು ಬಂದಾಗ ಹಾಳೆಯನ್ನು ಕೈಯಲ್ಲಿ ಹಿಡಿದು, ಟೇಪಿನಿಂದ ಅಳೆದು, ಸರಿಯಿದ್ದರೆ ಅಂದೇ ಹಣ ಕೊಡುತ್ತೇವೆ. ಅಳತೆ ಹಾಳೆಯಂತಿದ್ದು ನಮಗೆ ಮನಸ್ಸಿಗೆ ಬಾರದಿದ್ದರೆ, ಆ ತಪ್ಪು ಹಾಳೆ ಬರೆದ ನಮ್ಮದೇ ಹೊರತು ಹೊಲಿದವರದಲ್ಲ.

ಈ ಬಾರಿಯ ಜಾತ್ರೆಗೆ ಬಟ್ಟೆಯ ಸೇವೆ ಸಲ್ಲಿಸಲಿಚ್ಛಿಸುವ ಭಕ್ತರು ಹೊಲಿಯಲು ಕೊಡುವ ಮುನ್ನ ಒಮ್ಮೆ ಕಾರ್ಯಾಲಯಕ್ಕೆ ಬಂದು ಸ್ಥಳದ ಅಳತೆಯನ್ನು ಕೂಡಿಯೇ ತೆಗೆದುಕೊಳ್ಳಬೇಕೆಂದು ವಿನಂತಿಸುತ್ತೇವೆ. ಹೊಲಿಗೆ ಕಲಿಯುತ್ತಿರುವ ನಮ್ಮ ಹೆಣ್ಣುಮಕ್ಕಳೂ ತರುಣರೂ ಸೂಜಿಯೊಡನೆ ಅಳತೆಗೋಲನ್ನೂ ಸೀಸದ ಕಡ್ಡಿಯನ್ನೂ ಹಿಡಿಯುವುದನ್ನು ಕಲಿಯಲಿ, ಕೇಳಲು ಸಂಕೋಚಪಡದಿರಲಿ. ವೇದಿಕೆಯ ಪರದೆ ಈಗ ನೆಲದಿಂದ ಸರಿಯಾಗಿ ಒಂದು ಇಂಚು ಮೇಲಿದೆ. ಅದನ್ನು ಹೊಲಿದವರು ಅದೇ ತಾಯಂದಿರು.